ಬಲ ಪಕ್ಕೆ ನೋವು, ಬಿಡದ ಜ್ವರ

ತಾಲ್ಲೂಕು ಆಸ್ಪತ್ರೆಯ ವೈದ್ಯರು, ನರ್ಸ್‌ಗಳು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಲಿವರ್‌ನಲ್ಲಿ ಕೀವು ತುಂಬಿಕೊಳ್ಳುವ ಕಾಯಿಲೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ಇದು ವಾಸಿಯಾಗುವ ಕಾಯಿಲೆ. ಇದಕ್ಕೆ ಮೊದಲು ಬೇಕಾದ ಔಷಧಿಗಳು ಸರ್ಕಾರಿ ಆಸ್ಪತ್ರೆಯ ಕಪಾಟಿನಲ್ಲೇ ಇರುತ್ತವೆ. ಕಂಡುಹಿಡಿಯಲು ಬೇಕಾದದ್ದು ಒಂದು ಹೊಟ್ಟೆ ಸ್ಕ್ಯಾನಿಂಗ್. ಆದರೂ ಬಡವರು ಇದರಿಂದ ಸಾಯುತ್ತಿದ್ದಾರೆ. ಜ್ವರ ಶುರುವಾದ ದಿನಕ್ಕೂ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಯಂತ್ರ ಇಡುವ ದಿನಕ್ಕೂ ನಡುವೆ ಎರಡು ವಾರ, ಮೂರು ವಾರ ಕಳೆದುಹೋಗಿರುತ್ತದೆ. ಇವತ್ತು ನಾನು ಹೇಳುವುದೆಲ್ಲ ಆ ಎರಡು ಮೂರು ವಾರದ ಬಗ್ಗೆ.

ಲಿವರ್ ಇರುವುದು ಬಲಗಡೆ ಪಕ್ಕೆಲುಬುಗಳ ಮರೆಯಲ್ಲಿ. ದೊಡ್ಡವರಲ್ಲಿ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ಕರುಳಿನಿಂದ ಹೊರಡುವ ರಕ್ತ ಮೊದಲು ಲಿವರ್‌ಗೇ ಹೋಗುತ್ತದೆ. ಲಿವರ್‌ಗೆ ಸಿಗುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯಿಂದಲೇ ಬರುವುದು. ತಿಂದ ಊಟದ ಸಾರ ಬರುವ ದಾರಿಯಲ್ಲೇ ರೋಗಾಣುಗಳೂ ಬರಬಹುದು. ಅಪೆಂಡಿಕ್ಸ್ ಬಾತು ಕೀವಾದಾಗ, ಕರುಳಲ್ಲಿ ಹುಣ್ಣಾದಾಗ ಹೀಗಾಗುತ್ತದೆ. ಇನ್ನೊಂದು ದಾರಿ ಪಿತ್ತನಾಳದ್ದು. ಪಿತ್ತಕೋಶದ ಕಲ್ಲು ಜಾರಿ ನಾಳ ಕಟ್ಟಿಕೊಂಡರೆ ನಿಂತ ಪಿತ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದು ಮೇಲಕ್ಕೆ ಹತ್ತುತ್ತವೆ. ಮಕ್ಕಳಲ್ಲಿ ಚರ್ಮದ ಕುರುವಿನಿಂದಲೂ ರಕ್ತದ ಮೂಲಕ ಲಿವರ್‌ಗೆ ಹೋಗುವುದುಂಟು. ಪೌಷ್ಟಿಕತೆ ಕಡಿಮೆ ಇರುವ ಮಗುವಿಗೆ ಮೈಮೇಲೆ ಕುರು ಎದ್ದು, ಆಮೇಲೆ ಜ್ವರ ಬಿಡದೆ ಹೊಟ್ಟೆ ನೋವು ಅಂದರೆ ಇದನ್ನೂ ನೆನಪಿಸಿಕೊಳ್ಳಿ. ಎಷ್ಟೋ ಜನರಲ್ಲಿ ಎಷ್ಟು ಹುಡುಕಿದರೂ ಮೂಲ ಸಿಗುವುದಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಬ್ಯಾಕ್ಟೀರಿಯಾದಿಂದ ಆಗುವ ಕೀವು ಒಂದು ಬಗೆ. ಅಮೀಬಾ ಅನ್ನುವ ಒಂದೇ ಜೀವಕೋಶದ ಪರಾವಲಂಬಿಯಿಂದ ಆಗುವುದು ಇನ್ನೊಂದು ಬಗೆ. ಅಮೀಬಾ ಕಲುಷಿತ ನೀರು, ಆಹಾರದಿಂದ ಕರುಳಿಗೆ ಸೇರುತ್ತದೆ. ಅಲ್ಲಿಂದ ಲಿವರ್‌ಗೆ ಹೋಗುತ್ತದೆ. ಅಮೀಬಾದ ಕೀವು ಹೆಚ್ಚಾಗಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಕಾಣುತ್ತದೆ, ಅದರಲ್ಲೂ ಮದ್ಯ ಕುಡಿಯುವವರಲ್ಲಿ ಜಾಸ್ತಿ. ಬ್ಯಾಕ್ಟೀರಿಯಾದ ಕೀವು ವಯಸ್ಸಾದವರಲ್ಲಿ, ಶುಗರ್ ಇರುವವರಲ್ಲಿ, ಪಿತ್ತಕಲ್ಲು ಇರುವವರಲ್ಲಿ ಜಾಸ್ತಿ. ಪುಸ್ತಕದಲ್ಲಿ ಹೀಗೆ ಬೇರೆ ಬೇರೆ ಬರೆದಿರುತ್ತಾರೆ. ನಮ್ಮ ಮುಂದೆ ಮಲಗಿರುವ ರೋಗಿಯಲ್ಲಿ ಅಷ್ಟು ಸಲೀಸಾಗಿ ಬೇರೆ ಮಾಡಲು ಆಗುವುದಿಲ್ಲ. ಅಮೀಬಾದ ಕೀವಿನೊಳಗೆ ಆಮೇಲೆ ಬ್ಯಾಕ್ಟೀರಿಯಾ ಸೇರಿಕೊಂಡಿರಲೂಬಹುದು.

ಈಗ ರೋಗಿಯ ದಾರಿ ನೋಡೋಣ. ನಮ್ಮ ಕಡೆ ಇದು ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಅಂತ ನಿಮಗೇ ಗೊತ್ತು. ಕಟ್ಟಡ ಕೆಲಸದ ಒಬ್ಬ ಗಂಡಸು ಅಂದುಕೊಳ್ಳಿ, ನಲವತ್ತರ ಆಸುಪಾಸು. ಸಂಜೆ ಹೊತ್ತಿಗೆ ಚಳಿ ಬಂದು ಜ್ವರ ಏರುತ್ತದೆ. ಬೆಳಗ್ಗೆ ಬೆವರಿ ಇಳಿಯುತ್ತದೆ. ಬಾಯಿಗೆ ರುಚಿ ಇಲ್ಲ. ಮೊದಲ ಎರಡು ದಿನ ಅಂಗಡಿಯ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾನೆ. ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಮೂರನೇ ದಿನ ಊರಿನ ಆರ್‌ಎಂಪಿ ಹತ್ತಿರ ಒಂದು ಇಂಜೆಕ್ಷನ್, ಒಂದು ಗ್ಲೂಕೋಸ್ ಬಾಟಲಿ. ಆಮೇಲೆ ಪೇಟೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ. ಅಲ್ಲಿ ವಿಡಾಲ್ ಟೆಸ್ಟ್ ಮಾಡುತ್ತಾರೆ. 'ಟೈಫಾಯ್ಡ್ ಇದೆ' ಅನ್ನುವ ಚೀಟಿ ಬರುತ್ತದೆ.

ವಿಡಾಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮಂಥ ಊರುಗಳಲ್ಲಿ ಎಷ್ಟೋ ಜನರ ರಕ್ತದಲ್ಲಿ ಹಳೆಯ ಸೋಂಕಿನ ಗುರುತು ಉಳಿದಿರುತ್ತದೆ. ಬೇರೆ ಯಾವುದೋ ಜ್ವರದಲ್ಲೂ ಆ ಟೆಸ್ಟ್ ಪಾಸಿಟಿವ್ ಬರಬಹುದು. ಒಂದೇ ಒಂದು ವಿಡಾಲ್ ನೋಡಿ ಟೈಫಾಯ್ಡ್ ಅಂತ ಹೇಳಲು ಆಗುವುದಿಲ್ಲ. ಆದರೆ ಚೀಟಿಯಲ್ಲಿ ಹೆಸರು ಬಂದ ಮೇಲೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಐದು ದಿನ ಸೆಫ್‌ಟ್ರಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡುತ್ತಾರೆ. ಈ ಔಷಧಿ ಲಿವರ್ ಕೀವಿನ ಬ್ಯಾಕ್ಟೀರಿಯಾದ ಮೇಲೂ ಅಷ್ಟಿಷ್ಟು ಕೆಲಸ ಮಾಡುತ್ತದೆ. ಹಾಗಾಗಿ ಜ್ವರ ಕಡಿಮೆಯಾಗುತ್ತದೆ, ಎಲ್ಲರಿಗೂ ಸಮಾಧಾನ ಆಗುತ್ತದೆ. ಇಂಜೆಕ್ಷನ್ ನಿಂತ ನಾಲ್ಕೈದು ದಿನಕ್ಕೆ ಮತ್ತೆ ಚಳಿ ಜ್ವರ. 'ಟೈಫಾಯ್ಡ್ ಮರುಕಳಿಸಿದೆ' ಅಂತ ಇನ್ನೊಂದು ಸುತ್ತು. ಅಷ್ಟೊತ್ತಿಗೆ ಒಳಗಿನ ಕೀವು ದೊಡ್ಡದಾಗಿರುತ್ತದೆ, ಮನೆಯಲ್ಲಿದ್ದ ದುಡ್ಡು ಖಾಲಿಯಾಗಿರುತ್ತದೆ. ಎರಡೆರಡು ಸಲ ಟೈಫಾಯ್ಡ್ ಆಯಿತು ಅಂತ ಯಾರಾದರೂ ಹೇಳಿದರೆ, ದಯವಿಟ್ಟು ಅಲ್ಲೇ ನಿಂತು ಅವರ ಬಲ ಪಕ್ಕೆ ಮುಟ್ಟಿ ನೋಡಿ.

ಇನ್ನು ಕೆಲವರಿಗೆ ತೊಂದರೆ ಎದೆಯ ಕಡೆಯಿಂದ ಕಾಣಿಸಿಕೊಳ್ಳುತ್ತದೆ. ಲಿವರ್‌ನ ಮೇಲ್ಭಾಗ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವಿಗೆ, ತಾಗಿಕೊಂಡಿದೆ. ಅಲ್ಲಿ ಕೀವಾದರೆ ವಪೆ ಮೇಲಕ್ಕೆ ಏರುತ್ತದೆ, ಬಲ ಶ್ವಾಸಕೋಶದ ಸುತ್ತ ನೀರು ಸೇರುತ್ತದೆ. ಒಣಕೆಮ್ಮು, ಉಸಿರೆಳೆದರೆ ನೋವು, ಕೆಲವರಿಗೆ ಬಿಡದ ಬಿಕ್ಕಳಿಕೆ. ಎಕ್ಸ್‌ರೇ ತೆಗೆದರೆ ಬಲಗಡೆ ಕೆಳಗೆ ಬಿಳಿ ಕಾಣುತ್ತದೆ. ನ್ಯುಮೋನಿಯಾ ಅಂದುಕೊಳ್ಳುವುದು ಸುಲಭ, ಟಿಬಿ ನೀರು ಅಂದುಕೊಳ್ಳುವುದು ಇನ್ನೂ ಸುಲಭ. ತೂಕ ಇಳಿದಿರುತ್ತದೆ, ಸಂಜೆ ಜ್ವರ ಇರುತ್ತದೆ, ಎಲ್ಲವೂ ಟಿಬಿಗೆ ಹೊಂದುತ್ತದೆ ಅಲ್ವಾ? ಎದೆಯ ಬಲಗಡೆ ಮಾತ್ರ ನೀರಿದ್ದು ಜ್ವರ ಇರುವ ಪ್ರತಿಯೊಬ್ಬರಿಗೂ ಟಿಬಿ ಮಾತ್ರೆ ಶುರು ಮಾಡುವ ಮೊದಲು ವಪೆಯ ಕೆಳಗೆ ಏನಿದೆ ಅಂತ ಸ್ಕ್ಯಾನ್ ಮಾಡಿ ನೋಡಲೇಬೇಕು. ಟಿಬಿ ಮಾತ್ರೆಗಳಲ್ಲಿ ಕೆಲವು ಲಿವರ್‌ಗೇ ಹೊರೆ. ಕೀವು ತುಂಬಿದ ಲಿವರ್‌ಗೆ ಆ ಹೊರೆ ಸುಮ್ನೆ ಹಾಕಬಾರದು.

ಬಲ ಹೆಗಲ ನೋವು ಇನ್ನೊಂದು ಸುಳಿವು. ವಪೆಯ ನರ ಕುತ್ತಿಗೆಯಿಂದ ಇಳಿದು ಬರುತ್ತದೆ. ಹೆಗಲಿನ ಚರ್ಮದ ನರಗಳೂ ಅಲ್ಲಿಂದಲೇ ಹೊರಡುತ್ತವೆ. ಹಾಗಾಗಿ ಕೆಳಗೆ ಕೀವಿದ್ದರೂ ನೋವು ಹೆಗಲ ಮೇಲೆ ಅನ್ನಿಸುತ್ತದೆ. ಹಮಾಲಿ ಮಾಡುವವರು, ಮೂಟೆ ಹೊರುವವರು 'ಭಾರ ಎತ್ತಿದ್ದಕ್ಕೆ ಹಿಡಿದಿದೆ' ಅಂತ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ. ಜ್ವರದ ಜೊತೆ ಬಲ ಹೆಗಲು ನೋವು ಅಂದರೆ ಎಣ್ಣೆ ಸಾಲದು.

ಪರೀಕ್ಷೆ ಮಾಡುವ ಕೈಯ ಬಗ್ಗೆ ಹೇಳುತ್ತೇನೆ. ಇದಕ್ಕೆ ಕರೆಂಟ್ ಬೇಡ, ದುಡ್ಡು ಬೇಡ. ರೋಗಿಯನ್ನು ಮಲಗಿಸಿ. ಅಂಗಿ ಮೇಲೆತ್ತಿಸಿ. ನಾವು ಎಷ್ಟೋ ಸಲ ಅಂಗಿಯ ಮೇಲೆಯೇ ಸ್ಟೆಥಸ್ಕೋಪ್ ಇಟ್ಟು ಕಳಿಸಿಬಿಡುತ್ತೇವೆ. ಪಕ್ಕೆಲುಬಿನ ಕೆಳಗೆ ಮೆಲ್ಲಗೆ ಒತ್ತಿ, ಉಸಿರು ಎಳೆಯಲು ಹೇಳಿ. ಆಮೇಲೆ ಬಲ ಪಕ್ಕೆಲುಬುಗಳ ನಡುವಿನ ಸಂದಿಯಲ್ಲಿ ಒಂದು ಬೆರಳಿಟ್ಟು ಒಂದೊಂದಾಗಿ ಒತ್ತುತ್ತಾ ಬನ್ನಿ. ಲಿವರ್‌ನಲ್ಲಿ ಕೀವಿರುವವರು ಒಂದು ಜಾಗಕ್ಕೆ ಬಂದಾಗ 'ಯಪ್ಪಾ' ಅಂತ ನಿಮ್ಮ ಕೈ ಹಿಡಿದುಕೊಳ್ಳುತ್ತಾರೆ. ಆ ಜಾಗದಲ್ಲಿ ಸ್ವಲ್ಪ ಊತವೂ ಇರಬಹುದು. ಇದಿಷ್ಟು ಸಿಕ್ಕರೆ ಅವತ್ತೇ ಸ್ಕ್ಯಾನ್‌ಗೆ ಕಳಿಸಬೇಕು, ನಾಳೆ ನೋಡೋಣ ಅನ್ನಬಾರದು. ಸಿಗದಿದ್ದರೆ ಕೀವಿಲ್ಲ ಅಂತಲೂ ಅಲ್ಲ. ಜ್ವರ, ಬಲ ಪಕ್ಕೆ ನೋವು, ಲಿವರ್ ಊತ ಮೂರೂ ಒಟ್ಟಿಗೆ ಎಲ್ಲರಲ್ಲೂ ಇರುವುದಿಲ್ಲ. ವಯಸ್ಸಾದವರಲ್ಲಿ, ಶುಗರ್ ಇರುವವರಲ್ಲಿ ನೋವೇ ಇಲ್ಲದಿರಬಹುದು. ಅಜ್ಜಿ ಊಟ ಬಿಟ್ಟಿದ್ದಾಳೆ, ಸುಮ್ಮನೆ ಮಲಗಿರುತ್ತಾಳೆ, ಮೈ ಬೆಚ್ಚಗಿದೆ ಅಷ್ಟೇ ಅನ್ನುವುದೂ ಈ ಕಾಯಿಲೆಯ ಒಂದು ರೂಪ.

ಸಾಮಾನ್ಯ ರಕ್ತ ಪರೀಕ್ಷೆಗಳು ಅನುಮಾನವನ್ನು ಗಟ್ಟಿ ಮಾಡುತ್ತವೆ. ಬಿಳಿ ರಕ್ತಕಣ ಏರಿರುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ ಏರಿರುವುದು ಸಾಮಾನ್ಯ. ರಕ್ತದಲ್ಲಿರುವ ಆಲ್ಬುಮಿನ್ ಅನ್ನುವ ಪ್ರೋಟೀನ್ ಇಳಿದಿರುತ್ತದೆ. ಕಾಮಾಲೆ ಇದ್ದರೆ ಪಿತ್ತನಾಳ ಕಟ್ಟಿದೆಯೇ ಅಂತ ಜರೂರಾಗಿ ನೋಡಬೇಕು. ಶುಗರ್ ಪರೀಕ್ಷೆ ಎಲ್ಲರಿಗೂ ಮಾಡಿ, 'ನನಗೆ ಶುಗರ್ ಇಲ್ಲ' ಅಂದವರಿಗೂ ಮಾಡಿ. ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಮೊದಲು ಗೊತ್ತಾಗುವುದೇ ಈ ಕೀವಿನ ದೆಸೆಯಿಂದ. ಡೆನ್ಮಾರ್ಕ್‌ನಲ್ಲಿ ಇಡೀ ದೇಶದ ದಾಖಲೆ ನೋಡಿದಾಗ, ಶುಗರ್ ಇರುವವರಲ್ಲಿ ಬ್ಯಾಕ್ಟೀರಿಯಾದ ಲಿವರ್ ಕೀವು ಮೂರು ಪಟ್ಟಿಗಿಂತ ಜಾಸ್ತಿ ಕಂಡಿತ್ತು.

ಆದರೆ ಉತ್ತರ ಸಿಗುವುದು ಸ್ಕ್ಯಾನಿಂಗ್‌ನಲ್ಲಿ. ಸಿಟಿ ಸ್ಕ್ಯಾನ್ ಇನ್ನೂ ಸ್ಪಷ್ಟ, ನಿಜ. ಆದರೆ ಹೊಟ್ಟೆಯ ಅಲ್ಟ್ರಾಸೌಂಡ್ ಹತ್ತರಲ್ಲಿ ಎಂಟು ಒಂಬತ್ತು ಜನರ ಕೀವನ್ನು ತೋರಿಸಿಕೊಡುತ್ತದೆ. ಬಡವರಿಗೆ ಇದರಿಂದಲೇ ಶುರು ಮಾಡಬಹುದು. ಒಂದು ಎಚ್ಚರಿಕೆ ಇದೆ. ಮೊದಲ ದಿನಗಳಲ್ಲಿ ಕೀವು ಇನ್ನೂ ನೀರಾಗಿರುವುದಿಲ್ಲ. ಆಗ ಸ್ಕ್ಯಾನ್‌ನಲ್ಲಿ ಅದು ಲಿವರ್‌ನ ಬಣ್ಣದಲ್ಲೇ ಬೆರೆತು ಕಾಣದೇ ಹೋಗಬಹುದು, ಇಲ್ಲವೇ ಗಟ್ಟಿ ಗಡ್ಡೆಯ ಹಾಗೆ ಕಾಣಬಹುದು. ಗಡ್ಡೆ ಅಂದ ಕೂಡಲೇ ಮನೆಯವರು ಕ್ಯಾನ್ಸರ್ ಅಂತ ಹೆದರಿ ರೋಗಿಯನ್ನು ವಾಪಸ್ ಮನೆಗೆ ಕರೆದೊಯ್ದುಬಿಡುವ ಅಪಾಯ ಇದೆ. ರಿಪೋರ್ಟ್ ನಾರ್ಮಲ್ ಬಂದು ಜ್ವರ ಮಾತ್ರ ಬಿಡದಿದ್ದರೆ ಮೂರು ನಾಲ್ಕು ದಿನದಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ. ಎರಡನೇ ಸ್ಕ್ಯಾನ್ ಬರೆಯಲು ಸಂಕೋಚ ಪಡಬೇಡಿ.

ಸ್ಕ್ಯಾನಿಂಗ್ ಯಂತ್ರ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾಕಿಲ್ಲ ಅಂತ ಯುವ ವೈದ್ಯರು ಕೇಳುತ್ತಾರೆ. ದುಡ್ಡು, ತರಬೇತಿ ಒಂದು ಕಾರಣ. ಇನ್ನೊಂದು ಕಾನೂನು. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯ ಪ್ರಕಾರ ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು, ಅರ್ಹತೆ ಇರುವವರೇ ಬಳಸಬೇಕು, ಕೈಯಲ್ಲಿ ಹಿಡಿದು ಊರೂರು ಸುತ್ತುವಂತಿಲ್ಲ. ಈ ಕಾಯ್ದೆ ಬೇಡ ಅಂತ ನಾನು ಹೇಳಲಾರೆ. 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಯಂತ್ರ ಇಟ್ಟುಕೊಂಡು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಿತ್ತು, ನಿಮಗೆಲ್ಲ ನೆನಪಿರಬಹುದು. ಕಾಯ್ದೆಗೆ ಕಾರಣ ಇದೆ. ಆದರೆ ಅದರ ಒಳಗೇ ಇದ್ದು, ನೋಂದಣಿ ಮಾಡಿಸಿ, ತರಬೇತಿ ಕೊಟ್ಟು, ಲಿವರ್, ಎದೆ ನೀರು, ಹೊಟ್ಟೆ ನೀರು ನೋಡುವಷ್ಟನ್ನು ಇನ್ನೂ ಹೆಚ್ಚು ಸರ್ಕಾರಿ ಆಸ್ಪತ್ರೆಗಳಿಗೆ ತಲುಪಿಸಬಹುದು ಅಂತ ನನ್ನ ನಂಬಿಕೆ. ವಾರಕ್ಕೆ ಎರಡೇ ದಿನ ಸ್ಕ್ಯಾನಿಂಗ್ ಡಾಕ್ಟರ್ ಬರುವ ಆಸ್ಪತ್ರೆಯಲ್ಲಿ, ಗರ್ಭಿಣಿಯರ ಸಾಲು ಮುಗಿದ ಮೇಲೆ ಜ್ವರದ ರೋಗಿಗೆ ಒಂದು ಜಾಗ ಮೀಸಲಿಡುವುದು ಇವತ್ತೇ ಆಗಬಹುದಾದ ಕೆಲಸ.

ಚಿಕಿತ್ಸೆಗೆ ಬರೋಣ. ಹಿಂದೆ ಏನಾಗುತ್ತಿತ್ತು ಅಂತ ಎರಡು ಮಾತು ಹೇಳಿದರೆ ಈಗಿನದು ಅರ್ಥವಾಗುತ್ತದೆ. 1938ರಲ್ಲಿ ಅಮೆರಿಕದ ಸರ್ಜನ್‌ಗಳಾದ ಓಕ್ಸ್‌ನರ್, ಡಿಬೇಕಿ ಮತ್ತು ಅವರ ಜೊತೆಗಾರರು ಬ್ಯಾಕ್ಟೀರಿಯಾದ ಲಿವರ್ ಕೀವಿನ ಬಗ್ಗೆ ದೊಡ್ಡದೊಂದು ವರದಿ ಬರೆದರು. ಆಂಟಿಬಯೋಟಿಕ್ ಇನ್ನೂ ಕೈಗೆ ಸಿಗದ ಕಾಲ. ಆಪರೇಷನ್ ಮಾಡಿ ಕೀವು ತೆಗೆಯುವುದೊಂದೇ ದಾರಿ. ಆಗ ಉಳಿದವರಿಗಿಂತ ಸತ್ತವರೇ ಜಾಸ್ತಿ. 1953ರಲ್ಲಿ ಹಾಂಗ್‌ಕಾಂಗ್‌ನ ಮ್ಯಾಕ್‌ಫ್ಯಾಡ್ಜೀನ್ ಮತ್ತು ಸಂಗಡಿಗರು ಒಂದೇ ಕೀವುಗಡ್ಡೆ ಇದ್ದ 14 ರೋಗಿಗಳಿಗೆ ಹೊಟ್ಟೆ ಕೊಯ್ಯಲಿಲ್ಲ. ಸೂಜಿಯಿಂದ ಕೀವು ಎಳೆದು, ಆಂಟಿಬಯೋಟಿಕ್ ಕೊಟ್ಟರು. 14 ಜನರೂ ಉಳಿದರು. ಸ್ಕ್ಯಾನಿಂಗ್ ಕೂಡ ಇಲ್ಲದ ಕಾಲದ ಮಾತು ಇದು! ನನಗೆ ಆ ವರದಿಯ ಬಗ್ಗೆ ಬಹಳ ಗೌರವ. ದೊಡ್ಡ ಆಪರೇಷನ್ ಥಿಯೇಟರ್ ಇಲ್ಲದ ಕಡೆಯೂ ಈ ರೋಗಿಯನ್ನು ಉಳಿಸಬಹುದು ಅನ್ನುವ ದಾರಿ ತೋರಿಸಿದ್ದು ಅದು. ಅಮೀಬಾದ ಕಡೆ ಅಂಥ ತಿರುವು ಬಂದದ್ದು 1966ರಲ್ಲಿ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಮೆಟ್ರೋನಿಡಜೋಲ್ ಅಮೀಬಾದ ಲಿವರ್ ಕೀವನ್ನು ವಾಸಿ ಮಾಡುತ್ತದೆ ಅಂತ ಗೊತ್ತಾಯಿತು. ಅದೇ ಮಾತ್ರೆ ಇವತ್ತು ನಮ್ಮಲ್ಲಿ ಭೇದಿಗೆ ಮನೆಮಾತಾಗಿದೆ.

ಯಾವ ಬಗೆಯ ಕೀವು ಅಂತ ಮೊದಲ ದಿನವೇ ಗೊತ್ತಾಗದು ಅಂದೆ. ಅಮೀಬಾದ ರಕ್ತ ಪರೀಕ್ಷೆ ನಮ್ಮ ಊರುಗಳಲ್ಲಿ ಹಳೆಯ ಸೋಂಕಿಗೂ ಪಾಸಿಟಿವ್ ಬರುತ್ತದೆ, ದುಬಾರಿ ಬೇರೆ. ಹಾಗಾಗಿ ಎರಡಕ್ಕೂ ಒಟ್ಟಿಗೆ ಶುರು ಮಾಡುತ್ತೇವೆ. ಸೆಫ್‌ಟ್ರಯಾಕ್ಸೋನ್ ಮತ್ತು ಮೆಟ್ರೋನಿಡಜೋಲ್. ಎರಡೂ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ರೋಗಿ ತೀರಾ ಬಳಲಿದ್ದರೆ, ಬಿಪಿ ಇಳಿದಿದ್ದರೆ ಇದಕ್ಕಿಂತ ಬಲವಾದ ಔಷಧಿ ಬೇಕು, ದೊಡ್ಡ ಆಸ್ಪತ್ರೆಯೂ ಬೇಕು. ಮೆಟ್ರೋನಿಡಜೋಲ್ ಅಮೀಬಾದ ಮೇಲೂ ಕೆಲಸ ಮಾಡುತ್ತದೆ, ಗಾಳಿ ಇಲ್ಲದೆ ಬೆಳೆಯುವ ಬ್ಯಾಕ್ಟೀರಿಯಾದ ಮೇಲೂ ಮಾಡುತ್ತದೆ. ಅಮೀಬಾ ಆಗಿದ್ದರೆ ಮೂರು ದಿನದೊಳಗೆ ಜ್ವರ, ನೋವು ಗೊತ್ತಾಗುವಷ್ಟು ಇಳಿಯುತ್ತದೆ. ಇಳಿಯಲಿಲ್ಲ ಅಂದರೆ ಅದೇ ಔಷಧಿ ಹಿಡಿದುಕೊಂಡು ಕಾಯಬಾರದು, ಸೂಜಿ ಹಾಕಿ ಕೀವು ಎಳೆಯಬೇಕು.

ಇಂಜೆಕ್ಷನ್ ಶುರು ಮಾಡುವ ಮೊದಲು ರಕ್ತದ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಅದು ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆಗೆ, ರಕ್ತ ತೆಗೆದುಕೊಳ್ಳಿ. ಹತ್ತೇ ನಿಮಿಷದ ಕೆಲಸ. ಕೀವು ತೆಗೆದಾಗ ಆ ಕೀವನ್ನೂ ಕಲ್ಚರ್‌ಗೆ ಕಳಿಸಿ. ಇದನ್ನು ಬಡವರ ವಿಷಯದಲ್ಲಿ ಐಷಾರಾಮ ಅಂತ ನೋಡಬೇಡಿ. ನಮ್ಮ ದೇಶದಲ್ಲಿ ಈ. ಕೋಲೈ, ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾಗಳು ಎಷ್ಟೋ ಸಲ ಸೆಫ್‌ಟ್ರಯಾಕ್ಸೋನ್‌ಗೆ ಬಗ್ಗುವುದಿಲ್ಲ. ಯಾವ ಔಷಧಿ ಹಿಡಿಯುತ್ತದೆ ಅಂತ ಗೊತ್ತಿಲ್ಲದೆ ವಾರಗಟ್ಟಲೆ ಬೇರೆ ಬೇರೆ ದುಬಾರಿ ಇಂಜೆಕ್ಷನ್ ಬದಲಾಯಿಸುವುದಕ್ಕಿಂತ ಒಂದು ಕಲ್ಚರ್ ಎಷ್ಟೋ ಅಗ್ಗ. ಕೀವು ಹೊರಗೆ ಹರಿಯಲು ಪೈಪ್ ಹಾಕಿ ನಾಲ್ಕು ದಿನ ಆದ ಮೇಲೆ, ಪೈಪಿನ ತುದಿಯ ಚೀಲದಿಂದ ತೆಗೆದ ಕೀವನ್ನು ಕಳಿಸಿದರೆ ಅದರಲ್ಲಿ ಬೆಳೆಯುವುದು ಪೈಪಿನ ಬ್ಯಾಕ್ಟೀರಿಯಾ ಇರಬಹುದು. ಮೊದಲ ಸಿರಿಂಜಿನದ್ದೇ ಕಳಿಸಿ.

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ಬರೀ ಮಾತ್ರೆಯಲ್ಲಿ ಹೋಗುವುದಿಲ್ಲ, ಕೀವು ಹೊರಗೆ ಬಂದ ಮೇಲೆಯೇ ಸಮಾಧಾನ. ಲಿವರ್‌ನದ್ದೂ ಅದೇ ಲೆಕ್ಕ. ಸಣ್ಣ ಕೀವು, ಅಂದರೆ 3 ಸೆಂಟಿಮೀಟರ್ ಒಳಗಿನದ್ದು, ಔಷಧಿಯಲ್ಲೇ ಕರಗಬಹುದು. 5 ಸೆಂಟಿಮೀಟರ್ ದಾಟಿದ ಬ್ಯಾಕ್ಟೀರಿಯಾದ ಕೀವನ್ನು ತೆಗೆಯಲೇಬೇಕು. ನಡುವಿನದ್ದಕ್ಕೆ ರೋಗಿಯನ್ನು ನೋಡಿ ತೀರ್ಮಾನಿಸಬೇಕು. ಎಡಭಾಗದಲ್ಲಿದ್ದರೆ ಕಾಯಬೇಡಿ, ಅದು ಒಡೆದರೆ ಹೃದಯದ ಸುತ್ತಲಿನ ಚೀಲಕ್ಕೆ ಹೋಗಬಹುದು.

ಸೂಜಿಯಿಂದ ಒಂದೇ ಸಲ ಎಳೆಯುವುದೋ, ಪೈಪ್ ಹಾಕಿ ಬಿಡುವುದೋ? ಚಂಡೀಗಢದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 50 ರೋಗಿಗಳನ್ನು ಎರಡು ಪಾಲು ಮಾಡಿದ್ದರು. ಸೂಜಿಯಲ್ಲಿ 100ಕ್ಕೆ 60 ಜನರಿಗೆ ಗುಣ ಆಯಿತು, ಪೈಪಿನಲ್ಲಿ ಎಲ್ಲರಿಗೂ ಆಯಿತು. 2004ರ ಹಾಂಗ್‌ಕಾಂಗ್‌ನ ಅಧ್ಯಯನದಲ್ಲಿ 64 ರೋಗಿಗಳಿದ್ದರು. ಅಲ್ಲಿ ಅಗತ್ಯ ಬಿದ್ದಂತೆಲ್ಲ ಮತ್ತೆ ಮತ್ತೆ ಸೂಜಿ ಹಾಕಿದರು. ಆಗ ಎರಡೂ ಹೆಚ್ಚು ಕಡಿಮೆ ಸಮ ಬಂತು. ಚಂಡೀಗಢದಲ್ಲಿ ಎರಡೇ ಸಲ ಸೂಜಿ ಹಾಕಿ ನಿಲ್ಲಿಸಿದ್ದರು. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ದೊಡ್ಡ ಕೀವಿಗೆ ಪೈಪ್ ಒಳ್ಳೆಯದು. ಪೈಪ್ ಸಿಗದ ಊರಲ್ಲಿ ಸೂಜಿಯಿಂದ ಶುರು ಮಾಡುವುದು ತಪ್ಪಲ್ಲ. ಆದರೆ ಒಂದು ಸಲ ತೆಗೆದು ಮುಗಿಯಿತು ಅನ್ನಬಾರದು. ಎರಡು ಮೂರು ದಿನಕ್ಕೆ ಮತ್ತೆ ಸ್ಕ್ಯಾನ್ ಮಾಡಿ, ತುಂಬಿದ್ದರೆ ಮತ್ತೆ ತೆಗೆಯಬೇಕು.

ಸೂಜಿ ಹಾಕುವವರಿಗೆ ಎರಡು ಎಚ್ಚರಿಕೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ನೋಡಿ, ಕೆಟ್ಟಿದ್ದರೆ ವಿಟಮಿನ್ ಕೆ ಕೊಟ್ಟು ಸರಿ ಮಾಡಿಕೊಳ್ಳಿ. ಇನ್ನೊಂದು ಹೈಡಾಟಿಡ್ ಗಡ್ಡೆ. ನಾಯಿ, ಕುರಿಗಳ ಒಡನಾಟ ಇರುವವರಲ್ಲಿ ಒಂದು ಬಗೆಯ ಲಾಡಿಹುಳುವಿನಿಂದ ಲಿವರ್‌ನಲ್ಲಿ ನೀರುಗುಳ್ಳೆ ಆಗುತ್ತದೆ. ಅದಕ್ಕೆ ತಯಾರಿ ಇಲ್ಲದೆ ಸೂಜಿ ಚುಚ್ಚಿದರೆ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಬಹುದು. ಕುರಿ ಕಾಯುವವರು ಬಂದರೆ, ಜ್ವರ ಇಲ್ಲದೆ ಗುಳ್ಳೆ ಮಾತ್ರ ಕಂಡರೆ, ಒಂದು ಕ್ಷಣ ನಿಂತು ಯೋಚಿಸಿ.

ಆಂಟಿಬಯೋಟಿಕ್ ಎಷ್ಟು ದಿನ? ಬ್ಯಾಕ್ಟೀರಿಯಾದ ಕೀವಿಗೆ ಒಟ್ಟು ನಾಲ್ಕರಿಂದ ಆರು ವಾರ. ಇಲ್ಲೇ ಬಡವರು ಸೋಲುವುದು. ಆರು ವಾರ ಆಸ್ಪತ್ರೆಯಲ್ಲಿ ಮಲಗಲು ಕೂಲಿಯವರಿಗೆ ಆಗುವುದಿಲ್ಲ. ಹತ್ತು ದಿನಕ್ಕೆ ಜ್ವರ ಬಿಟ್ಟ ಕೂಡಲೇ ಹೇಳದೆ ಹೋಗಿಬಿಡುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ, ದಾರಿ ಮಾಡಿಕೊಡಬೇಕು. ಸಿಂಗಪುರದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ನಮಗೆ ನೆರವಾಗುತ್ತದೆ. ಕ್ಲೆಬ್ಸಿಯೆಲ್ಲಾದ ಲಿವರ್ ಕೀವಿದ್ದ 152 ಜನ ಅದರಲ್ಲಿದ್ದರು. ಮೊದಲ ಕೆಲವು ದಿನದ ಚಿಕಿತ್ಸೆ ಆದ ಮೇಲೆ ಅರ್ಧ ಜನರಿಗೆ ಇಂಜೆಕ್ಷನ್ ಮುಂದುವರಿಸಿದರು, ಇನ್ನರ್ಧ ಜನರಿಗೆ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆ ಕೊಟ್ಟರು. 12 ವಾರಕ್ಕೆ ನೋಡಿದರೆ ಮಾತ್ರೆಯವರಲ್ಲಿ 100ಕ್ಕೆ 96ರಷ್ಟು, ಇಂಜೆಕ್ಷನ್‌ನವರಲ್ಲಿ 92ರಷ್ಟು ಗುಣವಾಗಿದ್ದರು. ಮಾತ್ರೆ ಹಿಂದೆ ಬೀಳಲಿಲ್ಲ. ನಮ್ಮಲ್ಲಿ ಸಿಪ್ರೋಗೆ ಬಗ್ಗದ ಬ್ಯಾಕ್ಟೀರಿಯಾ ಜಾಸ್ತಿ, ಹಾಗಾಗಿ ಇದನ್ನು ಕಣ್ಣುಮುಚ್ಚಿ ಬರೆಯುವಂತಿಲ್ಲ. ಅದಕ್ಕೇ ಕಲ್ಚರ್ ಅಂತ ಅಷ್ಟು ಒತ್ತಿ ಹೇಳಿದೆ. ಯಾವ ಮಾತ್ರೆ ಹಿಡಿಯುತ್ತದೆ ಅಂತ ಗೊತ್ತಾದರೆ, ಜ್ವರ ಬಿಟ್ಟು ಊಟ ಸೇರುತ್ತಿದ್ದರೆ, ರೋಗಿಯನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸಬಹುದು. ಅಮೀಬಾ ಆಗಿದ್ದರೆ ಮೆಟ್ರೋನಿಡಜೋಲ್ 7ರಿಂದ 10 ದಿನ ಸಾಕು. ಆಮೇಲೆ ಕರುಳಿನಲ್ಲಿ ಉಳಿದ ಅಮೀಬಾ ಹೋಗಲು ಡೈಲೋಕ್ಸನೈಡ್ 10 ದಿನ ಕೊಡಬೇಕು. ಈ ಎರಡನೆಯದನ್ನು ಬರೆಯಲು ಎಷ್ಟೋ ಕಡೆ ಮರೆಯುತ್ತಾರೆ.

ಖರ್ಚಿನ ಬಗ್ಗೆ ಒಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದ ರೆಫರಲ್ ಪತ್ರ ಬೇಕಾಗುತ್ತದೆ. ಪತ್ರ ಇಲ್ಲದೆ ನೇರವಾಗಿ ಖಾಸಗಿಗೆ ಹೋಗಿ, ಸಾಲ ಮಾಡಿ ಕಟ್ಟಿದವರನ್ನು ನೋಡಿದರೆ ಸಂಕಟ ಆಗುತ್ತದೆ. ಆಶಾ ಅಕ್ಕಂದಿರು ಕಾರ್ಡ್, ಆಧಾರ್, ಪತ್ರ ಮೂರನ್ನೂ ಮೊದಲೇ ಜೋಡಿಸಿಕೊಡಿ.

ಇನ್ನು ಪ್ರಶ್ನೆಗಳು.

ಒಬ್ಬ ನರ್ಸ್ ಕೇಳಿದರು: 'ಸರ್, ಕುಡಿಯೋರು ಅಂತ ಗೊತ್ತಾದರೆ ಮನೆಯವರೇ ಮುಚ್ಚಿಡುತ್ತಾರೆ. ಹೇಗೆ ಕೇಳೋದು?'

ಎಲ್ಲರ ಎದುರು ಕೇಳಬೇಡಿ. 'ಔಷಧಿ ಸರಿಯಾಗಿ ಕೊಡಬೇಕಲ್ಲ, ಅದಕ್ಕೆ ಕೇಳ್ತಿದೀನಿ ಅಣ್ಣಾ' ಅನ್ನಿ. ಅದು ನಿಜವೂ ಹೌದು. ಮೆಟ್ರೋನಿಡಜೋಲ್ ನುಂಗುವಾಗ ಕುಡಿದರೆ ವಾಂತಿ, ಎದೆಬಡಿತ, ಮುಖ ಕೆಂಪಾಗುವುದು ಆಗಬಹುದು. ಅದನ್ನು ಮೊದಲೇ ಹೇಳದಿದ್ದರೆ ಅವರು ಕುಡಿಯುವುದರ ಬದಲು ಮಾತ್ರೆ ಬಿಟ್ಟುಬಿಡುತ್ತಾರೆ. ಕುಡಿತದ ಕಾರಣಕ್ಕೆ ಅವಮಾನ ಆದವರು ಮುಂದಿನ ಸಲ ಇನ್ನೂ ತಡವಾಗಿ ಬರುತ್ತಾರೆ.

ಯುವ ವೈದ್ಯರೊಬ್ಬರ ಪ್ರಶ್ನೆ: 'ಎರಡು ತಿಂಗಳ ಮೇಲೂ ಸ್ಕ್ಯಾನ್‌ನಲ್ಲಿ ಗೂಡು ಕಾಣುತ್ತದೆ. ಔಷಧಿ ಮುಂದುವರಿಸಬೇಕಾ?'

ಜ್ವರ ಇಲ್ಲ, ಹಸಿವು ಬಂದಿದೆ, ತೂಕ ಏರುತ್ತಿದೆ, ರಕ್ತಕಣ ಸರಿಯಾಗಿದೆ ಅಂದರೆ ಬೇಡ. ಕೀವಿದ್ದ ಗೂಡು ಪೂರ್ತಿ ಮುಚ್ಚಲು ತಿಂಗಳುಗಟ್ಟಲೆ ಬೇಕು. ಸ್ಕ್ಯಾನ್‌ಗಲ್ಲ, ರೋಗಿಗೆ ಚಿಕಿತ್ಸೆ ಕೊಡಿ. ವಾರಕ್ಕೊಂದು ಸ್ಕ್ಯಾನ್ ಮಾಡಿಸಿ ದುಡ್ಡು ಕಳೆಸುವುದೂ ಬೇಡ. ಆದರೆ ವಯಸ್ಸಾದವರಲ್ಲಿ ಮೂಲ ಸಿಗದ ಬ್ಯಾಕ್ಟೀರಿಯಾದ ಕೀವು ಅಂದರೆ ಗುಣವಾದ ಮೇಲೆ ದೊಡ್ಡ ಕರುಳನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಅಲ್ಲಿ ಕ್ಯಾನ್ಸರ್ ಅಡಗಿರಬಹುದು. ಮತ್ತೆ ಶುಗರ್ ಇರುವ ರೋಗಿ 'ಕಣ್ಣು ಮಂಜಾಗಿದೆ' ಅಂದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಕ್ಲೆಬ್ಸಿಯೆಲ್ಲಾ ಲಿವರ್‌ನಿಂದ ಕಣ್ಣಿಗೆ ಹರಡಿದರೆ ದೃಷ್ಟಿ ಹೋಗಲು ಹೆಚ್ಚು ಹೊತ್ತು ಬೇಡ.

'ಒಡೆದು ಹೋದರೆ ಗೊತ್ತಾಗೋದು ಹೇಗೆ?' ಅಂತ ಒಬ್ಬರು ಕೇಳಿದರು.

ಹೊಟ್ಟೆಯೊಳಗೆ ಒಡೆದರೆ ಇದ್ದಕ್ಕಿದ್ದಂತೆ ಇಡೀ ಹೊಟ್ಟೆ ತುಂಬ ನೋವು, ಹೊಟ್ಟೆ ಹಲಗೆಯ ಹಾಗೆ ಬಿಗಿಯುತ್ತದೆ. ಎದೆಯೊಳಗೆ ಒಡೆದರೆ ಉಸಿರು ಕಟ್ಟುತ್ತದೆ. ಅಮೀಬಾದ ಕೀವು ಶ್ವಾಸನಾಳಕ್ಕೆ ಒಡೆದರೆ ಕೆಮ್ಮಿದಾಗ ಚಾಕೊಲೇಟ್ ಬಣ್ಣದ ಕಫ ಬರುತ್ತದೆ. ರಕ್ತ ಅಂತ ಹೆದರುತ್ತಾರೆ, ಟಿಬಿ ಅಂದುಕೊಳ್ಳುತ್ತಾರೆ. ಇದರಲ್ಲಿ ಯಾವುದಾದರೂ ಕಂಡರೆ 108ಕ್ಕೆ ಕರೆ ಮಾಡಿ, ಸರ್ಜನ್ ಇರುವ ಆಸ್ಪತ್ರೆಗೇ ಕಳಿಸಿ.

ಕೊನೆಯದು ಆಶಾ ಕಾರ್ಯಕರ್ತೆಯೊಬ್ಬರದ್ದು: 'ಪೈಪ್ ಇಟ್ಟುಕೊಂಡೇ ಮನೆಗೆ ಬರ್ತಾರೆ ಸರ್. ನಾವೇನು ನೋಡಬೇಕು?'

ಬಹಳ ಒಳ್ಳೆಯ ಪ್ರಶ್ನೆ ಅಕ್ಕಾ. ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು. ಮಲಗಿದಾಗ ಮಂಚದ ಮೇಲೆ ಇಡಬಾರದು. ದಿನಾ ಒಂದೇ ಹೊತ್ತಿಗೆ ಚೀಲ ಖಾಲಿ ಮಾಡಿ ಎಷ್ಟು ಎಂಎಲ್ ಬಂತು, ಯಾವ ಬಣ್ಣ ಅಂತ ಚೀಟಿಯಲ್ಲಿ ಬರೆಸಿ. ಅಕ್ಷರ ಬಾರದವರಾದರೆ ಮನೆಯ ಶಾಲೆ ಮಗುವಿಗೆ ಹೇಳಿಕೊಡಿ. ದಿನಕ್ಕೆ 10 ಎಂಎಲ್‌ಗಿಂತ ಕಡಿಮೆ ಆಗಿ ಜ್ವರವೂ ಇಲ್ಲ ಅಂದರೆ ಪೈಪ್ ತೆಗೆಸಲು ಕರೆದುಕೊಂಡು ಬನ್ನಿ. ಬರುತ್ತಿದ್ದ ಕೀವು ಥಟ್ಟನೆ ನಿಂತು ಜ್ವರ ಬಂದರೆ ಪೈಪ್ ಕಟ್ಟಿದೆ, ಅವತ್ತೇ ಬನ್ನಿ. ಹಳದಿ ಹಸಿರು ಪಿತ್ತ ಬಂದರೂ, ರಕ್ತ ಬಂದರೂ ಅವತ್ತೇ ಬನ್ನಿ. ಪಥ್ಯ ಅಂತ ಬರೀ ಗಂಜಿ ಕೊಡುತ್ತಾರೆ, ಅದನ್ನು ಬಿಡಿಸಿ. ಮೊಟ್ಟೆ, ಬೇಳೆ, ಹಾಲು, ಶೇಂಗಾ, ಮನೆಯಲ್ಲಿ ಏನಿದೆಯೋ ಅದನ್ನು ಹೊಟ್ಟೆ ತುಂಬ ಕೊಡಲಿ. ಕುಡಿಯುವ ನೀರು ಕುದಿಸಲಿ, ಕ್ಲೋರಿನ್ ಒಂದನ್ನೇ ನಂಬಿದರೆ ಅಮೀಬಾದ ಸಿಸ್ಟ್‌ಗಳು, ಅಂದರೆ ಗಟ್ಟಿ ಹೊದಿಕೆಯೊಳಗಿರುವ ಅಮೀಬಾಗಳು, ಉಳಿದುಬಿಡಬಹುದು. ಮಾತ್ರೆಯ ಪಟ್ಟಿಯಲ್ಲಿ ಇನ್ನೆಷ್ಟು ಉಳಿದಿದೆ ಅಂತ ವಾರಕ್ಕೊಮ್ಮೆ ಎಣಿಸಿ. ನೀವು ಮನೆಗೆ ಹೋದಾಗ ರೋಗಿ ಕೆಲಸಕ್ಕೆ ಹೋಗಿದ್ದಾನೆ ಅಂತ ಗೊತ್ತಾದರೆ, ನಮಗೆ ಒಂದು ಫೋನ್ ಮಾಡಿ. ಅವನು ಸಂಜೆ ಬಂದು ತೋರಿಸಿಕೊಂಡು ಹೋಗುವ ಹಾಗೆ ವ್ಯವಸ್ಥೆ ಮಾಡೋಣ.